ಇಂಜಿನಿಯರಿಂಗ್ ಓದೋರಿಗೆ ಎಚ್‌ಆರ್ ಪಾಠ ಯಾಕೆ?

ಪ್ಲೇಸ್‌ಮೆಂಟ್ ಸೀಸನ್ ಶುರುವಾಯ್ತು ಅಂದ್ರೆ ನಮ್ಮ ಕ್ಯಾಂಪಸ್ಸಿನಲ್ಲಿ ಎಚ್‌ಆರ್ ಅನ್ನೋ ಪದಕ್ಕೆ ಒಂದೇ ಅರ್ಥ: ಕೊನೆಯ ರೌಂಡ್. ಆಪ್ಟಿಟ್ಯೂಡ್ ಆಯ್ತು, ಕೋಡಿಂಗ್ ಆಯ್ತು, ಟೆಕ್ನಿಕಲ್ ಆಯ್ತು. ಇನ್ನು "ನಿಮ್ಮ ಬಗ್ಗೆ ಹೇಳಿ" ಅಂತ ಕೇಳೋರ ಮುಂದೆ ಕೂತು ನಗುನಗುತ್ತಾ ನಾಲ್ಕು ಮಾತಾಡಿದ್ರೆ ಆಫರ್ ಲೆಟರ್ ಕೈಗೆ ಬಂದ ಹಾಗೇ. ಸಿಲಬಸ್ಸಿನಲ್ಲಿ ಬರೋ ಮ್ಯಾನೇಜ್‌ಮೆಂಟ್ ಪೇಪರ್ ಕೂಡ ಹಾಗೇ. ಪರೀಕ್ಷೆಯ ಹಿಂದಿನ ರಾತ್ರಿ ಓದಿದ್ರೆ ಸಾಕು, ಕಥೆ ಬರೆದ್ರೂ ಪಾಸು ಅನ್ನೋ ಖ್ಯಾತಿ ಅದಕ್ಕಿದೆ. ಪ್ಲಾನಿಂಗ್, ಆರ್ಗನೈಸಿಂಗ್, ಸ್ಟಾಫಿಂಗ್, ಡೈರೆಕ್ಟಿಂಗ್, ಕಂಟ್ರೋಲಿಂಗ್ ಅಂತ ಐದು ಹೆಡಿಂಗ್ ಹಾಕಿ, ಒಂದು ಬಾಕ್ಸ್ ಡಯಾಗ್ರಾಂ ಬರೆದು ಹೊರಗೆ ಬರ್ತೀವಿ. ಆ ಐದರಲ್ಲಿ 'ಸ್ಟಾಫಿಂಗ್' ಅಂತ ಎರಡು ಪುಟದಲ್ಲಿ ಮುಗಿದುಹೋಗೋದೇ ಮಾನವ ಸಂಪನ್ಮೂಲ ನಿರ್ವಹಣೆ. ಎಂಬಿಎಯಲ್ಲಿ ಎಚ್‌ಆರ್ ಆರಿಸಿಕೊಂಡೋರು ಅದನ್ನೇ ವಿಸ್ತಾರವಾಗಿ ಓದ್ತಾರೆ.

ಈ ಲೇಖನ ಹೇಳೋಕೆ ಹೊರಟಿರೋದು ಇಷ್ಟು: ಎಚ್‌ಆರ್ ಅಂದ್ರೆ ಜನ ಕೆಲಸ ಮಾಡುವ ವ್ಯವಸ್ಥೆಯನ್ನು ಡಿಸೈನ್ ಮಾಡೋ ವಿದ್ಯೆ. ಆ ವ್ಯವಸ್ಥೆಯೊಳಗೆ ನಾವು ಮೊದಲು ಕೆಲಸಗಾರರಾಗಿ ಹೋಗ್ತೀವಿ. ನಾಲ್ಕೈದು ವರ್ಷ ಕಳೆಯೋದ್ರೊಳಗೆ ನಮ್ಮಲ್ಲಿ ಹಲವರು ಟೀಮ್ ಲೀಡ್ ಆಗಿಯೋ ಶಿಫ್ಟ್ ಇನ್‌ಚಾರ್ಜ್ ಆಗಿಯೋ ಬೇರೆಯವರ ರಜೆ, ರೇಟಿಂಗ್, ಓವರ್‌ಟೈಮ್ ತೀರ್ಮಾನ ಮಾಡೋ ಕುರ್ಚಿಯಲ್ಲಿ ಕೂರ್ತಾರೆ. ಎರಡೂ ಕಡೆ ಈ ಪಾಠ ಗೊತ್ತಿಲ್ಲದಿದ್ರೆ ನಷ್ಟ ದೊಡ್ಡದು. ಎಷ್ಟು ದೊಡ್ಡದು ಅಂತ ತಿಳಿಯೋಕೆ ದೂರ ಹೋಗಬೇಕಾಗಿಲ್ಲ, ಬೆಂಗಳೂರು-ಕೋಲಾರ ಹೆದ್ದಾರಿ ಹಿಡಿದು ನರಸಾಪುರದವರೆಗೆ ಹೋದರೆ ಸಾಕು.

ನರಸಾಪುರದಲ್ಲಿ ಕೆಟ್ಟದ್ದು ಯಾವ ಯಂತ್ರ?

2020ರ ಡಿಸೆಂಬರ್ 12, ಶನಿವಾರ. ನರಸಾಪುರ ಕೈಗಾರಿಕಾ ಪ್ರದೇಶದಲ್ಲಿ ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಕಂಪನಿಯ ಘಟಕದಲ್ಲಿ ಬೆಳಗ್ಗೆ ಶಿಫ್ಟ್ ಬದಲಾಗೋ ಹೊತ್ತಿಗೆ ಕಾರ್ಮಿಕರ ಸಿಟ್ಟು ಸ್ಫೋಟಿಸಿತು. ಗಾಜು ಒಡೆಯಿತು, ವಾಹನಗಳು ಉರುಳಿದವು, ಪೀಠೋಪಕರಣ ಪುಡಿಯಾಯಿತು. ನೂರಕ್ಕೂ ಹೆಚ್ಚು ಜನರನ್ನು ಪೊಲೀಸರು ಹಿಡಿದರು. ಸಂಬಳ ಸರಿಯಾಗಿ ಬರ್ತಿಲ್ಲ, ಓವರ್‌ಟೈಮ್ ದುಡ್ಡು ಲೆಕ್ಕಕ್ಕೆ ಸಿಗ್ತಿಲ್ಲ ಅನ್ನೋದು ಕಾರ್ಮಿಕರ ದೂರು. ಅವರಲ್ಲಿ ಹೆಚ್ಚಿನವರು ಗುತ್ತಿಗೆ ಏಜೆನ್ಸಿಗಳ ಮೂಲಕ ಸೇರಿದ್ದವರು.

ಒಡೆದು ಹಾಕಿದ್ದನ್ನು ಯಾರೂ ಸರಿ ಅನ್ನೋದಿಲ್ಲ. ಆದ್ರೆ ಆಮೇಲೆ ರಾಜ್ಯದ ಕಾರ್ಖಾನೆಗಳ ಇಲಾಖೆ ನಡೆಸಿದ ಪರಿಶೀಲನೆಯಲ್ಲಿ ಸಿಕ್ಕಿದ್ದು ಇಂಜಿನಿಯರಿಂಗ್ ವಿದ್ಯಾರ್ಥಿ ಗಮನವಿಟ್ಟು ನೋಡಬೇಕಾದ ವಿಷಯ. ಸ್ವಲ್ಪವೇ ಸಮಯದಲ್ಲಿ ಕಾರ್ಮಿಕರ ಸಂಖ್ಯೆ 5,000ದಿಂದ 10,500ಕ್ಕೆ ಏರಿತ್ತು. ಅಷ್ಟು ಜನರನ್ನು ನೋಡಿಕೊಳ್ಳೋಕೆ ಕಾರ್ಮಿಕ ಕಾನೂನು ಬಲ್ಲ ಎಚ್‌ಆರ್ ವಿಭಾಗ ಸರಿಯಾಗಿ ಇರಲಿಲ್ಲ. 8 ಗಂಟೆಯ ಶಿಫ್ಟ್ 12 ಗಂಟೆಗೆ ಬದಲಾಗಿತ್ತು, ಅದರ ಸಂಬಳದ ಲೆಕ್ಕ ಕಾರ್ಮಿಕರಿಗೆ ಅರ್ಥವಾಗುವ ಹಾಗೆ ಯಾರೂ ತಿಳಿಸಿರಲಿಲ್ಲ. ಹಾಜರಾತಿ ದಾಖಲಿಸೋ ವ್ಯವಸ್ಥೆ ಕೆಟ್ಟಿತ್ತು, ರಿಪೇರಿ ಆಗಿರಲಿಲ್ಲ. ಹಾಜರಾತಿ ತಪ್ಪಾದ್ರೆ ಸಂಬಳ ತಪ್ಪಾಗದೆ ಇರುತ್ತಾ?

ಕೆಲವು ಕಾರ್ಮಿಕರ ಅಕ್ಟೋಬರ್, ನವೆಂಬರ್ ತಿಂಗಳ ಸಂಬಳ ತಡವಾಗಿದ್ದು ನಿಜ ಅಂತ ಆ್ಯಪಲ್ ಹೇಳಿತು, ವಿಸ್ಟ್ರಾನ್‌ಗೆ ಹೊಸ ಆರ್ಡರ್ ಕೊಡೋದನ್ನು ತಡೆಹಿಡಿಯಿತು. ವಿಸ್ಟ್ರಾನ್ ಕಾರ್ಮಿಕರ ಕ್ಷಮೆ ಕೇಳಿ, ಭಾರತದ ವ್ಯವಹಾರ ನೋಡುತ್ತಿದ್ದ ಉಪಾಧ್ಯಕ್ಷರನ್ನು ತೆಗೆದುಹಾಕಿತು. 2023ರಲ್ಲಿ ಆ ಘಟಕವನ್ನು ಟಾಟಾ ಸಮೂಹ ಕೊಂಡುಕೊಂಡಿತು.

ಅಲ್ಲಿ ಅಸೆಂಬ್ಲಿ ಲೈನ್ ನಡೀತಾ ಇತ್ತು, ಫೋನು ತಯಾರಾಗ್ತಾ ಇತ್ತು. ಸಾಮರ್ಥ್ಯ ದುಪ್ಪಟ್ಟು ಮಾಡುವಾಗ ವಿದ್ಯುತ್ ಲೋಡ್ ಎಷ್ಟು, ಕಂಪ್ರೆಸರ್ ಎಷ್ಟು ಅಂತ ಲೆಕ್ಕ ಹಾಕದೆ ಯಾವ ಇಂಜಿನಿಯರೂ ಮುಂದೆ ಹೋಗೋದಿಲ್ಲ. ಜನ ದುಪ್ಪಟ್ಟಾದಾಗ ಹಾಜರಾತಿ, ಸಂಬಳ, ದೂರು ಕೇಳೋ ವ್ಯವಸ್ಥೆ ಆ ಲೋಡ್ ತಡೆಯುತ್ತಾ ಅನ್ನೋ ಲೆಕ್ಕ ತಪ್ಪಿತು. ಆ ವರದಿ ಎತ್ತಿ ತೋರಿಸಿದ ಒಂದೊಂದು ಲೋಪಕ್ಕೂ ಎಚ್‌ಆರ್ ಪಠ್ಯಪುಸ್ತಕದಲ್ಲಿ ಒಂದೊಂದು ಅಧ್ಯಾಯ ಇದೆ.

ಈ ವಿದ್ಯೆ ಹುಟ್ಟಿದ್ದೇ ಇಂಜಿನಿಯರುಗಳ ಮನೆಯಲ್ಲಿ

ಎಚ್‌ಆರ್ ಅಂದ್ರೆ ಆರ್ಟ್ಸ್, ಕಾಮರ್ಸ್ ಕಡೆಯವರ ವಿಷಯ ಅಂತ ನಮ್ಮಲ್ಲಿ ಒಂದು ಭಾವನೆ. ಚರಿತ್ರೆ ಬೇರೆ ಹೇಳುತ್ತೆ. 1911ರಲ್ಲಿ 'ವೈಜ್ಞಾನಿಕ ನಿರ್ವಹಣೆ'ಯ ತತ್ವಗಳ ಬಗ್ಗೆ ಪುಸ್ತಕ ಬರೆದ ಅಮೆರಿಕದ ಫ್ರೆಡರಿಕ್ ಟೇಲರ್ ಮೆಕ್ಯಾನಿಕಲ್ ಇಂಜಿನಿಯರ್. ಸ್ಟಾಪ್‌ವಾಚ್ ಹಿಡಿದು ಕೆಲಸವನ್ನು ತುಂಡುತುಂಡಾಗಿ ಅಳೆದವರು ಅವರು. ಪ್ರಾಜೆಕ್ಟ್ ರಿಪೋರ್ಟಿನಲ್ಲಿ ನಾವು ಹಾಕೋ ಗ್ಯಾಂಟ್ ಚಾರ್ಟಿನ ಹೆನ್ರಿ ಗ್ಯಾಂಟ್ ಅವರ ಜೊತೆ ಕೆಲಸ ಮಾಡಿದವರು, ಅವರೂ ಇಂಜಿನಿಯರ್.

ಕೆಲಸವನ್ನು ಅಳೆಯೋದು ಬಂತು, ಕೆಲಸ ಮಾಡೋರನ್ನು ಉಳಿಸಿಕೊಳ್ಳೋದು ಬರಲಿಲ್ಲ. 1913ರಲ್ಲಿ ಹೆನ್ರಿ ಫೋರ್ಡ್ ಕಾರ್ಖಾನೆಯಲ್ಲಿ ಚಲಿಸುವ ಅಸೆಂಬ್ಲಿ ಲೈನ್ ಬಂದಾಗ ಉತ್ಪಾದನೆ ಏರಿತು, ಜೊತೆಗೆ ಕೆಲಸ ಬಿಟ್ಟು ಹೋಗುವವರ ಪ್ರಮಾಣ ಆ ವರ್ಷ ಶೇ. 370 ಮುಟ್ಟಿತು. ಅಂದ್ರೆ 100 ಜಾಗ ತುಂಬಿರಬೇಕಾದರೆ ವರ್ಷಕ್ಕೆ 370 ಸಲ ಹೊಸಬರನ್ನು ತರಬೇಕು. ಒಂದೇ ಬೋಲ್ಟನ್ನು ದಿನವಿಡೀ ತಿರುಗಿಸೋ ಕೆಲಸ ಯಾರಿಗೂ ಬೇಡವಾಗಿತ್ತು. 1914ರ ಜನವರಿಯಲ್ಲಿ ಫೋರ್ಡ್ ದಿನಗೂಲಿಯನ್ನು ಸುಮಾರು ದುಪ್ಪಟ್ಟು ಮಾಡಿ 5 ಡಾಲರ್‌ಗೆ ಏರಿಸಿ, ದಿನದ ಕೆಲಸವನ್ನು 9ರಿಂದ 8 ಗಂಟೆಗೆ ಇಳಿಸಿದರು. ಬಿಟ್ಟು ಹೋಗೋರು ಥಟ್ಟನೆ ಕಮ್ಮಿಯಾದರು. ಹಾಗಂತ ಫೋರ್ಡ್ ಧರ್ಮಾತ್ಮ ಅಂದುಕೊಳ್ಳಬೇಡಿ. ಆ 5 ಡಾಲರ್ ಸಿಗಬೇಕಾದರೆ ಕಾರ್ಮಿಕ ಮನೆಯಲ್ಲಿ ಹೇಗೆ ಬದುಕುತ್ತಾನೆ ಅಂತ ಕಂಪನಿಯವರು ಬಂದು ನೋಡಿ ಒಪ್ಪಬೇಕಿತ್ತು. ಕಂಪನಿ ನಮ್ಮ ಖಾಸಗಿ ಬದುಕಿನಲ್ಲಿ ಎಲ್ಲಿವರೆಗೆ ಬರಬಹುದು ಅನ್ನೋ ಪ್ರಶ್ನೆ ಅಷ್ಟು ಹಳೇದು.

ಭಾರತದಲ್ಲಿ ಜಮ್ಶೆಡ್‌ಪುರದ ಟಾಟಾ ಉಕ್ಕಿನ ಕಾರ್ಖಾನೆ 1912ರಲ್ಲೇ 8 ಗಂಟೆಯ ಕೆಲಸದ ದಿನ ತಂದಿತ್ತು. ಸ್ವಾತಂತ್ರ್ಯ ಬಂದ ಮೇಲೆ 1948ರ ಕಾರ್ಖಾನೆಗಳ ಕಾಯ್ದೆ, 500 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಯಲ್ಲಿ ಕಲ್ಯಾಣಾಧಿಕಾರಿ ಇರಲೇಬೇಕು ಅಂತ ಮಾಡಿತು. ಇವತ್ತಿನ ಎಚ್‌ಆರ್ ಮ್ಯಾನೇಜರ್ ಕೆಲಸದ ಒಂದು ಬೇರು ಆ ಕಲ್ಯಾಣಾಧಿಕಾರಿಯ ಕುರ್ಚಿಯಲ್ಲಿದೆ.

ಪುಸ್ತಕದಲ್ಲಿ ಇರೋದು ಏನು?

ಅಧ್ಯಾಯಗಳ ಹೆಸರು ಓದಿದ್ರೆ ನಿದ್ದೆ ಬರುತ್ತೆ. ಅದಕ್ಕೆ ನಮ್ಮ ಕನ್ನಡ ಸಂಘಗಳ ರಾಜ್ಯೋತ್ಸವವನ್ನೇ ಉದಾಹರಣೆಗೆ ತಗೊಳ್ಳೋಣ. ವಾಟ್ಸಾಪ್ ಗುಂಪಿನಲ್ಲಿ ನಲವತ್ತು ಜನ "ನಾನಿದ್ದೀನಿ" ಅಂತಾರೆ, ಕುರ್ಚಿ ಜೋಡಿಸೋ ಹೊತ್ತಿಗೆ ಆರು ಜನ ಸಿಗ್ತಾರೆ. ಯಾಕೆ?

ಮೊದಲನೇದು, ಯಾವ ಕೆಲಸಕ್ಕೆ ಎಷ್ಟು ಜನ, ಏನು ಬರಬೇಕು, ಎಷ್ಟು ಹೊತ್ತು ಅಂತ ಯಾರೂ ಬರೆದಿಟ್ಟಿರಲ್ಲ. ಇದಕ್ಕೆ ಪುಸ್ತಕದಲ್ಲಿ ಜಾಬ್ ಅನಾಲಿಸಿಸ್ ಅಂತಾರೆ. ಎರಡನೇದು, ಸ್ಟೇಜ್ ನಿರೂಪಣೆಗೆ ಗೆಳೆಯನನ್ನು ಹಾಕ್ತೀವಿ, ಚೆನ್ನಾಗಿ ಕನ್ನಡ ಮಾತಾಡೋ ಹುಡುಗಿ ಪಾರ್ಕಿಂಗ್ ನೋಡಿಕೊಳ್ತಿರ್ತಾಳೆ. ಇದು ಸೆಲೆಕ್ಷನ್. ಮೂರನೇದು, ಸೌಂಡ್ ಸಿಸ್ಟಮ್ ಬಗ್ಗೆ ಜೂನಿಯರ್‌ಗಳಿಗೆ ಯಾರೂ ಹೇಳಿಕೊಡಲ್ಲ, ಮುಂದಿನ ವರ್ಷ ಸೀನಿಯರ್ ಹೋದ ಮೇಲೆ ಎಲ್ಲ ಮೊದಲಿಂದ. ಇದು ಟ್ರೇನಿಂಗ್. ನಾಲ್ಕನೇದು, ರಾತ್ರಿಯೆಲ್ಲ ತೋರಣ ಕಟ್ಟಿದವರಿಗೂ ಫೋಟೋಗೆ ಮಾತ್ರ ಬಂದವರಿಗೂ ಒಂದೇ ಸರ್ಟಿಫಿಕೇಟ್. ಇದು ಮೌಲ್ಯಮಾಪನ ಮತ್ತು ಪ್ರತಿಫಲ. ಐದನೇದು, ಬೇಜಾರಾದ್ರೆ ಯಾರ ಹತ್ರ ಹೇಳ್ಬೇಕು ಅಂತ ಗೊತ್ತಿಲ್ಲ, ಹಾಗಾಗಿ ಗುಂಪು ಬಿಟ್ಟು ಹೋಗೋದೇ ದಾರಿ. ಇದು ಗ್ರೀವೆನ್ಸ್, ಅಂದ್ರೆ ಅಹವಾಲು ವ್ಯವಸ್ಥೆ.

ಸಂಘದಲ್ಲಾದ್ರೆ ಕುರ್ಚಿ ಕಮ್ಮಿಯಾಗುತ್ತೆ ಅಷ್ಟೇ. ಇದೇ ಐದು ಕಡೆ ಹತ್ತು ಸಾವಿರ ಜನರ ಕಾರ್ಖಾನೆ ಸೋತರೆ ಏನಾಗುತ್ತೆ ಅಂತ ಆಗಲೇ ನೋಡಿದ್ವಿ. ಕಂಪನಿಗೆ ಇವುಗಳ ಜೊತೆ ಸಂಬಳದ ರಚನೆ, ಕಾರ್ಮಿಕ ಸಂಘಗಳ ಜೊತೆ ಮಾತುಕತೆ, ಕಾರ್ಮಿಕ ಕಾನೂನು ಸೇರುತ್ತೆ. ಲೈಂಗಿಕ ಕಿರುಕುಳ ತಡೆಯೋ 2013ರ ಕಾಯ್ದೆಯೂ ಇದರಲ್ಲಿ ಬರುತ್ತೆ. ಅದರ ಪ್ರಕಾರ 10 ಅಥವಾ ಹೆಚ್ಚು ಜನ ಕೆಲಸ ಮಾಡುವ ಪ್ರತಿ ಕಡೆ ಆಂತರಿಕ ಸಮಿತಿ ಇರಬೇಕು. ಇಂಟರ್ನ್‌ಶಿಪ್‌ಗೆ ಹೋಗೋರಿಗೂ ಈ ರಕ್ಷಣೆ ಇದೆ. ಹೋಗುವ ಮೊದಲು ಇದನ್ನು ತಿಳಿದಿರೋದು ಒಳ್ಳೇದು.

ನಮ್ಮ ಗಣಿತಕ್ಕೆ ಇಲ್ಲಿ ಕೆಲಸ ಇದೆ

ಲ್ಯಾಬಿನಲ್ಲಿ ವರ್ನಿಯರ್ ಕ್ಯಾಲಿಪರ್ ಹಿಡಿದಾಗ ಎರಡು ವಿಷಯ ನೋಡ್ತೀವಿ: ಮತ್ತೆ ಮತ್ತೆ ಅಳೆದರೆ ಒಂದೇ ಉತ್ತರ ಬರುತ್ತಾ, ಝೀರೋ ಎರರ್ ಇದೆಯಾ. ಇಂಟರ್‌ವ್ಯೂ ಕೂಡ ಒಂದು ಅಳತೆಯ ಸಾಧನ. ಒಬ್ಬನೇ ಅಭ್ಯರ್ಥಿಗೆ ಇಬ್ಬರು ಸಂದರ್ಶಕರು ಬೇರೆ ಬೇರೆ ಅಂಕ ಕೊಟ್ರೆ ಸಾಧನ ಕೆಟ್ಟಿದೆ ಅಂತ ಅರ್ಥ. ಬಾಯಿಗೆ ಬಂದ ಪ್ರಶ್ನೆ ಕೇಳೋ ಹರಟೆಯ ಇಂಟರ್‌ವ್ಯೂಗಿಂತ, ಎಲ್ಲರಿಗೂ ಒಂದೇ ಪ್ರಶ್ನೆ ಕೇಳಿ ಮೊದಲೇ ಗೊತ್ತುಮಾಡಿದ ಮಾನದಂಡದಲ್ಲಿ ಅಂಕ ಕೊಡೋ ಇಂಟರ್‌ವ್ಯೂ ಮುಂದಿನ ಕೆಲಸದ ಗುಣಮಟ್ಟವನ್ನು ಚೆನ್ನಾಗಿ ಊಹಿಸುತ್ತೆ ಅಂತ ದಶಕಗಳ ಸಂಶೋಧನೆ ತೋರಿಸಿದೆ.

ಝೀರೋ ಎರರ್‌ಗೂ ಇಲ್ಲಿ ಹೆಸರಿದೆ. ಒಬ್ಬರ ಒಂದು ಗುಣ ಕಣ್ಣಿಗೆ ಹೊಡೆದರೆ ಉಳಿದ ಗುಣಗಳಿಗೂ ಅದೇ ಬಣ್ಣ ಬಳಿಯೋದನ್ನು ಮನಶ್ಶಾಸ್ತ್ರಜ್ಞ ಎಡ್ವರ್ಡ್ ಥಾರ್ನ್‌ಡೈಕ್ 1920ರಲ್ಲಿ ಹೇಲೋ ಎಫೆಕ್ಟ್ ಅಂತ ಕರೆದರು. ಕನ್ನಡ ಮಾಧ್ಯಮದಿಂದ ಬಂದ ನಮ್ಮ ಎಷ್ಟೋ ಗೆಳೆಯರಿಗೆ ಇದರ ಅನುಭವ ಇದೆ. ಪಟಪಟ ಇಂಗ್ಲಿಷ್ ಮಾತಾಡಿದವರು ಕೋಡಿಂಗ್‌ನಲ್ಲೂ ಚುರುಕು ಅಂತ ಕಾಣ್ತಾರೆ, ತಡವರಿಸಿದವರು ಎಲ್ಲದರಲ್ಲೂ ಹಿಂದೆ ಅನ್ನಿಸ್ತಾರೆ. ಸಂವಹನ ಬೇಕಾದ ಕೆಲಸಕ್ಕೆ ಸಂವಹನ ಅಳೆಯಲಿ, ತಪ್ಪಿಲ್ಲ. ಆದ್ರೆ ಅದನ್ನೇ ಎಲ್ಲಕ್ಕೂ ಮಾಪನ ಮಾಡಿದ್ರೆ ಕಂಪನಿಗೂ ನಷ್ಟ, ಹುಡುಗನಿಗೂ ನಷ್ಟ. ನಾಳೆ ನೀವು ಆ ಕಡೆ ಕೂತಾಗ ಈ ಝೀರೋ ಎರರ್ ಕಳೆದು ಓದೋದು ನಿಮ್ಮ ಜವಾಬ್ದಾರಿ.

ಕಂಪ್ಯೂಟರ್‌ಗೆ ಕೊಟ್ರೆ ಸರಿಹೋಗುತ್ತಾ? ಅಮೆಜಾನ್ ರೆಸ್ಯೂಮೆಗಳಿಗೆ ಅಂಕ ಕೊಡೋ ಒಂದು ಮೆಷಿನ್ ಲರ್ನಿಂಗ್ ಸಾಧನ ಮಾಡಿ ನೋಡಿ ಕೈಬಿಟ್ಟಿದ್ದನ್ನು 2018ರಲ್ಲಿ ರಾಯ್ಟರ್ಸ್ ವರದಿ ಮಾಡಿತು. ಹಿಂದಿನ ಹತ್ತು ವರ್ಷಗಳ ರೆಸ್ಯೂಮೆಗಳಲ್ಲಿ ಗಂಡಸರದೇ ಹೆಚ್ಚಿತ್ತು. ಅದನ್ನು ನೋಡಿ ಕಲಿತ ಮಾಡೆಲ್ ಹೆಂಗಸರ ಅರ್ಜಿಗಳಿಗೆ ಅಂಕ ಕಡಿಮೆ ಕೊಡೋಕೆ ಶುರು ಮಾಡಿತ್ತು. ಡೇಟಾದಲ್ಲಿ ಇದ್ದ ಪಕ್ಷಪಾತ ಕೋಡಿಗೆ ಬಂತು.

ಇನ್ನೊಂದು ಬೆಲ್ ಕರ್ವ್. ವರ್ಷದ ಕೊನೆಗೆ ಟೀಮಿನ ಇಷ್ಟು ಶೇಕಡಾ ಜನ ಉತ್ತಮ, ಇಷ್ಟು ಜನ ಕಳಪೆ ಅಂತ ಹಂಚಲೇಬೇಕು ಅನ್ನೋ ಪದ್ಧತಿ ಕೆಲವು ಕಂಪನಿಗಳಲ್ಲಿ ಇದೆ. ಎಂಜಿನಿಯರಿಂಗ್ ಮ್ಯಾಥ್ಸ್ ಓದಿದ ನಮಗೆ ಇಲ್ಲಿ ತಕರಾರು ಏಳಬೇಕು. ನಾರ್ಮಲ್ ಡಿಸ್ಟ್ರಿಬ್ಯೂಷನ್ ದೊಡ್ಡ ಗುಂಪಿನ ಮಾತು. ಹತ್ತು ಜನರ ಟೀಮ್ ಸಣ್ಣದು, ಅದರ ಮೇಲೆ ಮೂರು ರೌಂಡ್ ಸೋಸಿ ಆರಿಸಿದ್ದು. ಅಲ್ಲಿ ಒಬ್ಬರು ಕಳಪೆ ಇರಲೇಬೇಕು ಅನ್ನೋಕೆ ಯಾವ ಸೂತ್ರವೂ ಇಲ್ಲ. ಮೈಕ್ರೋಸಾಫ್ಟ್ 2013ರಲ್ಲಿ ಈ ರೀತಿಯ ರ‍್ಯಾಂಕಿಂಗ್ ಕೈಬಿಟ್ಟಿತು.

ಆರು ಲಕ್ಷ ಅಂದ್ರೆ ಎಷ್ಟು?

ಈಗ ಎಲ್ಲರಿಗೂ ಬೇಕಾದ ಲೆಕ್ಕ. ಆಫರ್ ಲೆಟರಿನಲ್ಲಿ ಸಿಟಿಸಿ 6,00,000 ಅಂತ ಇದೆ. ಹನ್ನೆರಡರಿಂದ ಭಾಗಿಸಿ ತಿಂಗಳಿಗೆ 50,000 ಅಂತ ಮನೆಗೆ ಫೋನ್ ಮಾಡ್ತೀವಿ. ಸಿಟಿಸಿ ಅಂದ್ರೆ ನಮ್ಮ ಮೇಲೆ ಕಂಪನಿಗೆ ತಗಲುವ ಒಟ್ಟು ಖರ್ಚು. ಕೈಗೆ ಬರೋದು ಬೇರೆ.

ಒಂದು ಮಾದರಿ ನೋಡೋಣ. ಬೇಸಿಕ್ ಅರ್ಧ, ಅಂದ್ರೆ ವರ್ಷಕ್ಕೆ 3,00,000. ಕಂಪನಿ ಕಟ್ಟೋ ಭವಿಷ್ಯನಿಧಿ ಬೇಸಿಕ್‌ನ ಶೇ. 12, ಅಂದ್ರೆ 36,000. ಗ್ರಾಚ್ಯುಯಿಟಿ ಅಂತ ಶೇ. 4.81, ಅಂದ್ರೆ 14,430. ಈ 4.81 ಎಲ್ಲಿಂದ ಬಂತು? ಒಂದು ವರ್ಷದ ಸೇವೆಗೆ 15 ದಿನದ ವೇತನ, ತಿಂಗಳಿಗೆ 26 ಕೆಲಸದ ದಿನ. 15ನ್ನು 26ರಿಂದ, ಆಮೇಲೆ 12ರಿಂದ ಭಾಗಿಸಿ ನೋಡಿ. ವೇರಿಯಬಲ್ ಪೇ ಶೇ. 10 ಅಂದುಕೊಂಡ್ರೆ 60,000, ಅದು ಕಂಪನಿಯ ಮತ್ತು ನಮ್ಮ ಸಾಧನೆ ನೋಡಿ ವರ್ಷದ ಕೊನೆಗೆ ಬಂದ್ರೆ ಬಂತು. ಇಷ್ಟನ್ನೂ ಕಳೆದರೆ ಉಳಿಯೋದು 4,89,570, ತಿಂಗಳಿಗೆ ಸುಮಾರು 40,800. ಇದರಲ್ಲಿ ನಮ್ಮ ಪಾಲಿನ ಭವಿಷ್ಯನಿಧಿ 3,000, ವೃತ್ತಿ ತೆರಿಗೆ 200 ಹೋದ್ರೆ ಕೈಗೆ ಬರೋದು ಸುಮಾರು 37,600.

ಇದರಲ್ಲಿ ಮೋಸ ಇಲ್ಲ. ಭವಿಷ್ಯನಿಧಿ ನಮ್ಮದೇ ಉಳಿತಾಯ. ಕೆಲವು ಕಂಪನಿಗಳು ಅದನ್ನು 15,000 ರೂಪಾಯಿ ವೇತನದ ಮಿತಿಯ ಮೇಲೆ ಮಾತ್ರ ಕಟ್ಟುತ್ತವೆ, ಆಗ ಕೈಗೆ ಹೆಚ್ಚು ಬರುತ್ತೆ, ಉಳಿತಾಯ ಕಮ್ಮಿಯಾಗುತ್ತೆ. ಗ್ರಾಚ್ಯುಯಿಟಿ ಮಾತ್ರ ಸಾಮಾನ್ಯವಾಗಿ 5 ವರ್ಷ ಸತತ ಸೇವೆ ಆದ ಮೇಲೆ ಸಿಗೋದು. ಎರಡು ವರ್ಷಕ್ಕೆ ಕಂಪನಿ ಬದಲಿಸೋ ಪ್ಲಾನ್ ಇರೋರು ಆ 14,430ನ್ನು ತಮ್ಮ ಲೆಕ್ಕದಿಂದ ತೆಗೆದಿಡಬೇಕು. ಎರಡು ಆಫರ್ ಇದ್ದಾಗ ದೊಡ್ಡ ಸಿಟಿಸಿಯ ಕಂಪನಿಯೇ ಕೈಗೆ ಕಡಿಮೆ ಕೊಡಬಹುದು. ಮನೆಯಲ್ಲಿ ಎಜುಕೇಶನ್ ಲೋನ್ ಇಎಂಐ ಕಾಯ್ತಿರುವವರಿಗೆ ಈ ವ್ಯತ್ಯಾಸ ಸಣ್ಣದಲ್ಲ.

ಓದುವಾಗ ಇನ್ನೊಂದು ಎಚ್ಚರ. 29 ಹಳೆಯ ಕಾರ್ಮಿಕ ಕಾಯ್ದೆಗಳ ಜಾಗದಲ್ಲಿ ನಾಲ್ಕು ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದಿವೆ. 1948ರ ಕಾರ್ಖಾನೆಗಳ ಕಾಯ್ದೆಯೂ ಆ 29ರಲ್ಲಿ ಒಂದು. ಕೆಲಸಗಾರರಿಗೆ ನೇಮಕಾತಿ ಪತ್ರ ಕೊಡೋದು ಈಗ ಕಡ್ಡಾಯ. ನಿಗದಿತ ಅವಧಿಯ ಒಪ್ಪಂದದ ಮೇಲೆ ಸೇರಿದವರಿಗೆ ಒಂದು ವರ್ಷಕ್ಕೇ ಗ್ರಾಚ್ಯುಯಿಟಿಯ ಹಕ್ಕು ಬಂದಿದೆ. ಹಾಗಾಗಿ ಸೀನಿಯರ್‌ಗಳು ಕೊಟ್ಟ ಹಳೇ ನೋಟ್ಸ್ ನಂಬಿ ಕೂರಬೇಡಿ.

ಓದಬೇಕು ಅನ್ನಿಸಿದ್ರೆ

ಪೂರ್ತಿ ದಾರಿ ಬದಲಿಸಬೇಕಿಲ್ಲ. ಓಪನ್ ಎಲೆಕ್ಟಿವ್ ಪಟ್ಟಿಯಲ್ಲಿ ಇದ್ರೆ ತಗೊಳ್ಳಿ. ಎನ್‌ಪಿಟಿಎಲ್, ಸ್ವಯಂನಲ್ಲಿ ಈ ವಿಷಯದ ಕೋರ್ಸುಗಳು ಬರ್ತಿರುತ್ತವೆ, ಪಾಠ ಉಚಿತ, ಸರ್ಟಿಫಿಕೇಟ್ ಪರೀಕ್ಷೆಗೆ ಮಾತ್ರ ಶುಲ್ಕ. ಬಿಇ ಆದ ಮೇಲೆ ಇದರಲ್ಲೇ ಮುಂದುವರೀಬೇಕು ಅನ್ನೋರಿಗೆ ಎಂಬಿಎ ಇದೆ. ನಮ್ಮ ರಾಜ್ಯದ ಕಾಲೇಜುಗಳಿಗೆ ಕೆಇಎ ನಡೆಸೋ ಪಿಜಿಸಿಇಟಿ, ಐಐಎಂಗಳಿಗೆ ಕ್ಯಾಟ್. ಈ ವಿಷಯಕ್ಕೇ ಹೆಸರಾದ ಸಂಸ್ಥೆಗಳು ಎರಡು: ಜಮ್ಶೆಡ್‌ಪುರದಲ್ಲಿ 1949ರಲ್ಲಿ ಶುರುವಾದ ಎಕ್ಸ್‌ಎಲ್‌ಆರ್‌ಐ, ಮುಂಬೈಯಲ್ಲಿ 1936ರಲ್ಲಿ ಶುರುವಾದ ಟಾಟಾ ಸಮಾಜ ವಿಜ್ಞಾನ ಸಂಸ್ಥೆ. ಎಕ್ಸ್‌ಎಲ್‌ಆರ್‌ಐಗೆ ಕ್ಸ್ಯಾಟ್ ಪರೀಕ್ಷೆ ಬರೀಬೇಕು. ಕರ್ನಾಟಕದ ಕಾರ್ಖಾನೆಗಳಲ್ಲಿ ಎಂಎಸ್‌ಡಬ್ಲ್ಯೂ ಓದಿ ಎಚ್‌ಆರ್ ಆದವರೂ ಬೇಕಾದಷ್ಟು ಜನ ಸಿಗ್ತಾರೆ. ಮಂಗಳೂರಿನ ರೋಶನಿ ನಿಲಯದಂಥ ಸಂಸ್ಥೆಗಳು ದಶಕಗಳಿಂದ ಈ ಕೋರ್ಸ್ ನಡೆಸುತ್ತಿವೆ.

ಇಂಜಿನಿಯರಿಂಗ್ ಓದಿ ಈ ಕಡೆ ಬಂದವರಿಗೆ ಎರಡು ಅನುಕೂಲ. ಸಂಬಳ, ಹಾಜರಾತಿ, ಕೆಲಸ ಬಿಡುವವರ ಪ್ರಮಾಣ ಎಲ್ಲ ಡೇಟಾ ಆಗಿ ಬರ್ತಿರೋ ಕಾಲ ಇದು, ಅದನ್ನು ಓದೋದು ನಮಗೆ ಬರುತ್ತೆ. ಅಂಗಡಿ ನೆಲದ ಭಾಷೆಯೂ ಬರುತ್ತೆ. ಎರಡನೇದನ್ನು ಕಡೆಗಣಿಸಬೇಡಿ. ಪೀಣ್ಯದಲ್ಲೋ ಬಿಡದಿಯಲ್ಲೋ ರಾತ್ರಿ ಪಾಳಿಯ ಆಪರೇಟರ್ ಒಬ್ಬರು "ಸಾರ್, ಹೋದ ತಿಂಗಳು ಎರಡು ಓಟಿ ಬಿಟ್ಟೋಗಿದೆ" ಅಂತ ಹೇಳೋದು ಕನ್ನಡದಲ್ಲಿ. ಅದನ್ನು ಕೇಳಿಸಿಕೊಂಡು, ಹಾಜರಾತಿ ಯಂತ್ರದ ಲಾಗ್ ತೆಗೆದು, ಮುಂದಿನ ಸಂಬಳದ ಒಳಗೆ ಸರಿ ಮಾಡಿಸೋ ಒಬ್ಬ ಇಂಜಿನಿಯರ್ ಆ ಲೈನಿನಲ್ಲಿ ಇದ್ದರೆ ಎಷ್ಟೋ ಸಿಟ್ಟು ಅಲ್ಲೇ ತಣ್ಣಗಾಗುತ್ತೆ.

ಎಚ್‌ಆರ್ ಆಗೋದು ಬಿಡೋದು ನಿಮಗೆ ಬಿಟ್ಟಿದ್ದು. ಮ್ಯಾನೇಜ್‌ಮೆಂಟ್ ಪೇಪರ್‌ನ ಆ ಎರಡು ಪುಟವನ್ನು ಮಾತ್ರ ಈ ಸಲ ನಿಧಾನವಾಗಿ ಓದಿ. ಆಫರ್ ಲೆಟರ್ ಬಂದ ದಿನ ಸ್ಟೇಟಸ್ ಹಾಕೋ ಮೊದಲು ಅದರ ಕೊನೆಯ ಪುಟದಲ್ಲಿರೋ ಕೋಷ್ಟಕಕ್ಕೆ ಒಂದು ಕ್ಯಾಲ್ಕುಲೇಟರ್ ಹಿಡಿಯಿರಿ, ಅರ್ಥವಾಗದ ಸಾಲು ಇದ್ರೆ ಸಂಕೋಚ ಇಲ್ಲದೆ ಕೇಳಿ.